ಪುಟ ತಿರುಗಿಸುವವನು

ಹನ್ನೊಂದು ವರ್ಷದಿಂದ ನನ್ನ ಕೆಲಸ ಇಷ್ಟೇ:
ಈನಿಡ್ ಹ್ಯಾದರ್ಸೆಜ್ ಗದ್ದವನ್ನು ಕೂದಲೆಳೆಯಷ್ಟು ಎತ್ತಿದಾಗ
ಪುಟ ತಿರುಗಿಸುವುದು.
ಅದಕ್ಕೂ ಮೊದಲು ಬಸ್ಸು ಓಡಿಸುತ್ತಿದ್ದೆ,
ಬಂದರಿನಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಬಂದರಿಗೆ.
ಸನ್ನೆಗೆ ಕಾಯುವುದು ನನಗೆ ಹೊಸದಲ್ಲ.

ರಾಜಕುಮಾರನ ಮದುವೆಯ ದಿನ
ಚರ್ಚಿನ ಹಿಂದಿನ ಹಾಲಿನಲ್ಲಿ ದೊಡ್ಡ ಟೀವಿ ಇಟ್ಟಿದ್ದರು.
ಸೌತೆಕಾಯಿ ಸ್ಯಾಂಡ್‌ವಿಚ್, ಚಹಾದ ಹಂಡೆ, ಕಾಗದದ ಕಿರೀಟಗಳು.
ಪಾದ್ರಿಯಮ್ಮನೂ ಒಂದು ಹಾಕಿಕೊಂಡಿದ್ದಳು, ಓರೆಯಾಗಿ.
ಹೊರಗೆ ಉತ್ತರ ಸಮುದ್ರ
ಯಾರ ಮದುವೆಯೂ ತನ್ನದಲ್ಲ ಎಂಬಂತೆ ಬೂದು.

ಕುರ್ಚಿಗಳು ತಾವಾಗಿಯೇ ಎರಡು ಪಾಲಾಗಿದ್ದವು:
ಕಿಟಕಿಯ ಕಡೆ ಆರ್ಗನ್ನಿನವರು,
ಬಾಗಿಲ ಕಡೆ ಡ್ರಮ್ಮಿನವರು.
ಫೆಬ್ರವರಿಯ ಸಭೆಯಿಂದ ನಮ್ಮದು ಎಣ್ಣೆ-ಸೀಗೇಕಾಯಿ.
ಅಂದು ಹಾರ್ಗ್ರೀವ್ ಕೇಳಿದ್ದ,
"ದೇವರೇನು ಕಿವುಡನೇ, ಹಾಗೆ ಬಡಿಯಲು?"
ರಾತ್ರಿಪಾಳಿ ಮುಗಿಸಿ ನರ್ಸಿನ ಉಡುಪಿನಲ್ಲೇ ಬಂದಿದ್ದ
ಕ್ವಾಬೆನಾನ ತಾಯಿ ಎದ್ದು ನಿಂತು,
"ಕಿವುಡನಲ್ಲ, ನಿಮ್ಮ ಆರ್ಗನ್ನು ಕೇಳಿ ಮಲಗಿದ್ದಾನೆ" ಎಂದಿದ್ದಳು.

ಟೀವಿಯಲ್ಲಿ ಕುದುರೆಗಳು. ಟೋಪಿಗಳು. ಮತ್ತಷ್ಟು ಟೋಪಿಗಳು.
ಮದುಮಗಳ ಉಡುಪಿನ ಬಿಳಿಯ ಬಾಲ ಬಾಗಿಲು ದಾಟುವಷ್ಟರಲ್ಲಿ
ನನ್ನ ಚಹಾ ಆರಿತ್ತು.
ಮೊದಲು ಹುಡುಗರ ಗಾನವೃಂದ:
ಕಲ್ಲಿನ ಕಮಾನಿನವರೆಗೆ ಏರಿದ ಒಂದೇ ಎಳೆ ದಾರ.
ಕಿಟಕಿಯ ಕಡೆಯವರು ಬೀಗರಂತೆ ಬೀಗಿದರು.
ಈನಿಡ್ ಮಾತ್ರ,
"ಎರಡನೆಯ ಸಾಲಿನ ಕೊನೆಯವನು ಶ್ರುತಿ ಇಳಿಸಿದ" ಎಂದಳು.

ಆಮೇಲೆ ಕಡುನೀಲಿ ಅಂಗಿಯ ಇಪ್ಪತ್ತು ಜನ,
ಯಾರ ಕೈಯಲ್ಲೂ ಪುಸ್ತಕವಿಲ್ಲ.
ಅದೇ ಕೀರ್ತನೆ. ಆದರೆ ಅದು ಈಗ ಸೊಂಟದಿಂದ ಹೊರಟು ಬರುತ್ತಿತ್ತು.
ಮುಂದಿನ ಸಾಲಿನ ಪದಕಧಾರಿಯೊಬ್ಬ
ಕೈ ಎಲ್ಲಿಡಬೇಕೆಂದು ತಿಳಿಯದೆ ಛಾವಣಿ ನೋಡಿದ.
ಬಾಗಿಲ ಕಡೆಯವರು ಬೀಗಲಿಲ್ಲ. ಹಾಡಿದರು.
ಕ್ವಾಬೆನಾ ಮೇಜಿನ ಅಂಚಿಗೆ ಚಮಚ ತಟ್ಟುತ್ತಿದ್ದ,
ಯಾರಿಗೂ ಕೇಳದ ಹಾಗೆ.

ಅಭ್ಯಾಸಬಲದಿಂದ ನಾನು ಈನಿಡ್‌ಳ ಗದ್ದ ನೋಡಿದೆ. ಕಲ್ಲು.
ಆಗ ಕೆಳಗೆ ನೋಡಿದೆ.
ತೆಳು ಅಟ್ಟೆಯ ಕಪ್ಪು ಶೂ, ಆರ್ಗನ್ನಿಗೆಂದೇ ಇಟ್ಟ ಜೋಡಿ,
ಇವತ್ತೇಕೆ ಹಾಕಿಕೊಂಡು ಬಂದಿದ್ದಳೋ,
ಹಿಮ್ಮಡಿ, ಬೆರಳತುದಿ, ಹಿಮ್ಮಡಿ,
ಇಲ್ಲದ ಪೆಡಲುಗಳ ಮೇಲೆ
ಹುಡುಗನ ಚಮಚದ ಕೆಳಗೆ ಮಂದ್ರವನ್ನು ಹಾಸುತ್ತಿದ್ದಳು.

ಯಾರಿಗೂ ಹೇಳಲಿಲ್ಲ ನಾನು.
ಕನ್ನಡಿಯಲ್ಲಿ ಕಂಡದ್ದೆಲ್ಲ ಹೇಳುವ ಹಕ್ಕು
ಚಾಲಕನಿಗಿಲ್ಲ.

ಎರಡು ವಾರ ಕಳೆದು ಒಂದು ಗುರುವಾರ ಚರ್ಚಿನಲ್ಲಿ ದೀಪವಿತ್ತು.
"ಆ ನಡೆ ಬರೆದುಕೊಡು."
"ಬರೆಯಲು ಬರುವುದಿಲ್ಲ."
"ಹಾಗಾದರೆ ಇನ್ನೊಮ್ಮೆ ಬಾರಿಸು. ನಿಧಾನ. ನನಗೆ ಎಂಬತ್ತೊಂದು."
ನಾಲ್ಕು ಸಲ ಶುರುಮಾಡಿದರು, ನಾಲ್ಕು ಸಲ ಮುಗ್ಗರಿಸಿದರು.
"ಕೊಳವೆ ಉಸಿರು ತುಂಬಿಕೊಳ್ಳಬೇಕು, ಹುಡುಗಾ. ಕಾಯಿ."
"ನೀವೇ ಸ್ವಲ್ಪ ಬೇಗ ಹೊರಡಿ" ಎಂದ ಅವನು.
ಅದು ಬಸ್ಸಿನ ಮಾತು. ನನಗೆ ಅರ್ಥವಾಯಿತು.

ಭಾನುವಾರ ಪವಾಡವೇನೂ ಆಗಲಿಲ್ಲ.
ಮೂರನೆಯ ಚರಣ ಪಾತ್ರೆ ಬಿದ್ದ ಹಾಗೆ ಬಿತ್ತು.
ಹಾರ್ಗ್ರೀವ್ ಎದ್ದು ಹೊರಗೆ ಹೋದ,
ಹೊರಗೆ ಆಲಿಕಲ್ಲು ಬೀಳುತ್ತಿತ್ತು, ಒಳಗೆ ಬಂದ,
ಬಾಗಿಲ ಹತ್ತಿರದ ಬೆಂಚಿನಲ್ಲೇ ಕೂತ.

ನಾನು ಎಂದಿನಂತೆ ಅವಳ ಎಡಕ್ಕೆ ನಿಂತಿದ್ದೆ.
ಎದುರಿನ ಹಲಗೆಯ ಮೇಲೆ ಪುಸ್ತಕವಿಲ್ಲ,
ಅದು ಇದ್ದಲ್ಲಿ ಒಂದು ಆಯತದಷ್ಟು ಮಾಸದ ಮರ.
ಕೊನೆಯ ಚರಣಕ್ಕೆ ಅವಳ ಗದ್ದ ಮೇಲೆದ್ದಿತು.
ನನ್ನ ಕೈ ಹೊರಟೇಬಿಟ್ಟಿತು,
ಹಿಡಿಯಲು ಹಾಳೆಯ ಮೂಲೆಯಿಲ್ಲ,
ಗಾಳಿಯಲ್ಲಿ ಅಷ್ಟು ಹೊತ್ತು ನಿಂತು, ನಾಚಿ,
ಇಳಿಯುವಾಗ ಇನ್ನೊಂದು ಕೈಗೆ ಬಡಿಯಿತು.

ಈನಿಡ್ ತಿರುಗಿ ನೋಡಲಿಲ್ಲ.
"ಅರ್ಧ ಮಾತ್ರೆ ತಡ" ಎಂದಳು.